ಮರಿ ಹಾಕದ ಗೆಡ್ಡೆಯ ಬೆಲೆ

ದೇವರಾಜ ಮಾರುಕಟ್ಟೆಯಲ್ಲಿ ಸುಗಂಧರಾಜ ಬಿಡಿ ಹೂವಾದರೆ ತೂಕದ ಲೆಕ್ಕ, ಕಟ್ಟಿದ್ದಾದರೆ ಮಾರಿನ ಲೆಕ್ಕ. ಚೆಂದದ ಹೂವು, ಘಮದ ಮಾತಂತೂ ಕೇಳುವುದೇ ಬೇಡ. ಆದರೂ ಅದರ ಒಂದು ಗೆಡ್ಡೆಗೆ ಮನೆ ಬರೆದುಕೊಟ್ಟ ಪುಣ್ಯಾತ್ಮ ಯಾರೂ ಹುಟ್ಟಿಲ್ಲ. ಕಾರಣ ಮಣ್ಣಿನೊಳಗೇ ಇದೆ. ಒಂದು ಗೆಡ್ಡೆ ನೆಟ್ಟು ಎರಡು ಮೂರು ವರ್ಷ ಬಿಟ್ಟು ಅಗೆದರೆ ಮಂಕರಿಗೆ ಹಾಕುವಷ್ಟು ಗೆಡ್ಡೆ ಸಿಗುತ್ತದೆ. ಮಂಡ್ಯ ಕಡೆ ಪಕ್ಕದ ಹೊಲದವರು ಕೇಳಿದರೆ ಚೀಲದಲ್ಲಿ ತುಂಬಿ ಕೊಟ್ಟುಬಿಡುತ್ತಾರೆ. ಮೈಸೂರು ಮಲ್ಲಿಗೆಯೂ ಹಾಗೇ, ಕಡ್ಡಿಯಿಂದಲೇ ಗಿಡ.

ಟುಲಿಪ್‌ಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ, ಮುಡಿಯಲು ಬಾರದು, ದೇವರಿಗೆ ಏರಿಸುವವರೂ ಇಲ್ಲ. ಆದರೆ 1637ರ ಫೆಬ್ರುವರಿ 5ರಂದು ಹಾಲೆಂಡಿನ ಆಲ್ಕ್‌ಮಾರ್ ಊರಿನ ಹರಾಜಿನಲ್ಲಿ ‘ವೈಸ್‌ರಾಯ್’ ಎಂಬ ಟುಲಿಪ್‌ನ ಒಂದೇ ಒಂದು ಗೆಡ್ಡೆ 4,203 ಗಿಲ್ಡರ್‌ಗೆ ಹೋಯಿತು. ನುರಿತ ಕಸುಬುದಾರನ ವರ್ಷದ ಸಂಪಾದನೆ ಆಗ 300 ಗಿಲ್ಡರ್ ಆಸುಪಾಸು. ಅಂದರೆ ಹದಿನಾಲ್ಕು ವರ್ಷದ ದುಡಿಮೆ. ಗೆಡ್ಡೆಯ ತೂಕ ಸುಮಾರು 32 ಗ್ರಾಂ, ಒಂದು ಸಣ್ಣ ಈರುಳ್ಳಿಯಷ್ಟು.

ಹೂವಿನ ಹುಚ್ಚಿನ ಬಗ್ಗೆ ಬರೆಯುವವರೆಲ್ಲ ಜನರ ಆಸೆಬುರುಕತನದ ಬಗ್ಗೆ ಬರೆಯುತ್ತಾರೆ. ಆಸೆ ಎಲ್ಲ ಕಾಲದಲ್ಲೂ ಇದ್ದದ್ದೇ. ಯಾವ ಹೂವಿಗೆ ಬೆಲೆ ಏರಿತು, ಯಾಕೆ ಅದಕ್ಕೇ ಏರಿತು, ಯಾವಾಗ ಇಳಿಯಿತು ಅನ್ನುವುದು ಆಸೆಯ ಕಥೆಯಿಂದ ತಿಳಿಯುವುದಿಲ್ಲ. ಗಿಡ ಬೆಳೆಸುವವರು ಕೇಳುವ ಪ್ರಶ್ನೆಯೊಂದಿದೆ: ಇದು ವರ್ಷಕ್ಕೆ ಎಷ್ಟು ಮರಿ ಹಾಕುತ್ತದೆ? ಬಾಳೆ ಕಂದು ಕೊಳ್ಳುವಾಗ ಕೇಳುವಂಥದ್ದೇ ಪ್ರಶ್ನೆ. ನಾಲ್ಕು ಶತಮಾನದ ಹೂವಿನ ಬೆಲೆಯ ಬಹುಪಾಲು ಈ ಉತ್ತರದಲ್ಲಿದೆ ಎಂಬುದು ನನ್ನ ಎಣಿಕೆ.

ಟುಲಿಪ್ ಗೆಡ್ಡೆ ಈರುಳ್ಳಿಯ ಹಾಗೆ ಪದರ ಪದರ. ಹೂ ಬಿಟ್ಟ ವರ್ಷವೇ ತಾಯಿಗೆಡ್ಡೆ ಸವೆದು ಮುಗಿಯುತ್ತದೆ. ಅದರ ಜಾಗದಲ್ಲಿ ಒಂದು ದಪ್ಪ ಗೆಡ್ಡೆ, ಪಕ್ಕದಲ್ಲಿ ಎರಡು ಮೂರು ಮರಿ. ಮರಿ ಹೂವಿನ ಗಾತ್ರಕ್ಕೆ ಬರಲು ಒಂದರಿಂದ ಮೂರು ವರ್ಷ. ಬೀಜದಿಂದ ಬೆಳೆಸಿದರೆ ಹೂ ನೋಡಲು ಐದರಿಂದ ಏಳು ವರ್ಷ ಕಾಯಬೇಕು, ಕಾದರೂ ತಾಯಿಯ ಬಣ್ಣ ಬರುವುದಿಲ್ಲ. ಆದ್ದರಿಂದ ಒಳ್ಳೆಯ ತಳಿಯೊಂದು ಸಿಕ್ಕರೆ ಅದನ್ನು ಹೆಚ್ಚಿಸುವ ದಾರಿ ಮರಿಗೆಡ್ಡೆ ಮಾತ್ರ. ವರ್ಷ ವರ್ಷ ಎರಡರಷ್ಟಾದರೆ ಒಂದು ಗೆಡ್ಡೆ ಹತ್ತು ವರ್ಷಕ್ಕೆ ಸಾವಿರ ದಾಟುತ್ತದೆ. ಎರಡು ವರ್ಷಕ್ಕೊಮ್ಮೆ ಎರಡರಷ್ಟಾದರೆ ಹತ್ತು ವರ್ಷಕ್ಕೆ ಬರೀ 32. ಸಾವಿರಕ್ಕೂ ಮೂವತ್ತೆರಡಕ್ಕೂ ಇರುವ ಅಂತರವೇ ಬೆಲೆಯ ಅಂತರ.

ಡಚ್ಚರು ಮುಗಿಬಿದ್ದದ್ದು ಬೆಳೆಯಲು ಹಿಂದೇಟು ಹಾಕುವ ಗೆಡ್ಡೆಗಳಿಗೇ. ‘ಸೆಂಪರ್ ಅಗಸ್ಟಸ್’ ಬಿಳಿ ಎಸಳಿನ ಮೇಲೆ ಕುಂಕುಮ ಗೆರೆ ಎಳೆದಂಥ ಹೂವು. 1620ರ ದಶಕದಲ್ಲಿ ಇದರ ಗೆಡ್ಡೆ ಇದ್ದದ್ದು ಒಂದು ಡಜನ್‌ನಷ್ಟು, ಅದೂ ಒಬ್ಬನ ಕೈಯಲ್ಲಿ ಎಂದು ಆ ಕಾಲದವರು ಬರೆದಿದ್ದಾರೆ. 1637ಕ್ಕೆ ಗೆಡ್ಡೆಯೊಂದಕ್ಕೆ 10,000 ಗಿಲ್ಡರ್ ಬೆಲೆ ಹೇಳುತ್ತಿದ್ದರು. ಆ ಗೆರೆ ಬರುತ್ತಿದ್ದದ್ದು ರೋಗದಿಂದ. ಟುಲಿಪ್ ಬ್ರೇಕಿಂಗ್ ವೈರಸ್ ಹೊಕ್ಕರೆ ಎಸಳಿನ ಮೇಲ್ಪದರದಲ್ಲಿ ಕೆಂಪು-ನೇರಳೆ ಬಣ್ಣ ಅಲ್ಲಲ್ಲಿ ತಯಾರಾಗುವುದಿಲ್ಲ, ಅಡಿಯ ಬಿಳಿ ಅಥವಾ ಹಳದಿ ಗೆರೆಗೆರೆಯಾಗಿ ಇಣುಕುತ್ತದೆ. ಹರಡುವುದು ಹೇನು, ಸೇವಂತಿಗೆ ಗಿಡದ ಕುಡಿಯಲ್ಲಿ ಮುತ್ತಿಕೊಳ್ಳುತ್ತದಲ್ಲ, ಅದರ ಬಳಗವೇ. ರೋಗ ಹಿಡಿದ ಗೆಡ್ಡೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಮರಿ ಕಡಿಮೆ ಹಾಕುತ್ತದೆ. ಹೂ ಚೆಂದವಾದಷ್ಟೂ ಗೆಡ್ಡೆ ಬಡವಾಗುತ್ತ ಹೋಗುವ ಈ ಜೋಡಿಯೇ ಬೆಲೆಯ ಗುಟ್ಟು. ಲೈಡನ್‌ನ ಸಸ್ಯತೋಟ ಕಟ್ಟಿದ ಕ್ಲೂಸಿಯಸ್ ಬಣ್ಣ ಒಡೆದ ಟುಲಿಪ್ ಬೇಗ ಕ್ಷೀಣಿಸುತ್ತದೆ ಎಂಬುದನ್ನು ಆಗಲೇ ಕಂಡುಕೊಂಡಿದ್ದ, ಕಾರಣ ಮಾತ್ರ ತಿಳಿದಿರಲಿಲ್ಲ. 1928ರಲ್ಲಿ ಇಂಗ್ಲೆಂಡಿನ ಡೊರೊಥಿ ಕೇಲಿ ರೋಗದ ಗೆಡ್ಡೆಯ ಚೂರನ್ನು ಒಳ್ಳೆಯ ಗೆಡ್ಡೆಯೊಳಗೆ ಸೇರಿಸಿ, ಅದರ ಹೂವಿನಲ್ಲೂ ಗೆರೆ ಬರಿಸಿ ತೋರಿಸಿದ ಮೇಲೆ ಗುಟ್ಟು ಬಯಲಾಯಿತು. ಈಗ ಅಂಗಡಿಯಲ್ಲಿ ‘ರೆಂಬ್ರಾಂಟ್’ ಹೆಸರಲ್ಲಿ ಸಿಗುವ ಪಟ್ಟೆ ಟುಲಿಪ್‌ಗಳಿಗೆ ವೈರಸ್ ಇಲ್ಲ, ಬಣ್ಣ ತಳಿಯಲ್ಲೇ ಬಂದದ್ದು. 1620ರ ‘ಜೋಮರ್‌ಸ್ಖೋನ್’ ಮಾತ್ರ ವೈರಸ್ಸಿನೊಂದಿಗೇ ಬದುಕಿಕೊಂಡು ಬಂದಿದೆ, ಹಾಲೆಂಡಿನ ಲಿಮ್ಮೆನ್ ಊರಿನ ಗೆಡ್ಡೆ ಸಂಗ್ರಹದಲ್ಲಿ ನೋಡಬಹುದು.

ಇನ್ನು ವ್ಯಾಪಾರದ ರೀತಿ. ಗೆಡ್ಡೆ ಸೆಪ್ಟೆಂಬರ್ ಹೊತ್ತಿಗೆ ಮಣ್ಣಿಗೆ ಹೋದರೆ ಮೇಲೆ ಬರುವುದು ಜೂನ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಕಣ್ಣಿಗೆ ಕಾಣದ ಸರಕನ್ನು ಮಾರುತ್ತಿದ್ದರು. ಇಲ್ಲಿ ಹುಣಸೆ ಮರವನ್ನೋ ಮಾವಿನ ತೋಪನ್ನೋ ಹೂ ಬಿಟ್ಟಾಗಲೇ ಗುತ್ತಿಗೆಗೆ ಮಾತಾಡುವುದಿಲ್ಲವೇ, ಅದೇ ತರಹ. ವ್ಯತ್ಯಾಸವೆಂದರೆ ಅದೇ ಗುತ್ತಿಗೆ ಚೀಟಿಯನ್ನು ಅವರು ಹೆಂಡದಂಗಡಿಯಲ್ಲಿ ಕೂತು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಡಚ್ಚರೇ ಅದಕ್ಕೆ ಇಟ್ಟ ಹೆಸರು ‘ಗಾಳಿ ವ್ಯಾಪಾರ’. ಬೆಲೆ ಕಟ್ಟುತ್ತಿದ್ದದ್ದು ‘ಆಸ್’ ಎಂಬ ಅಕ್ಕಸಾಲಿಗರ ಅಳತೆಯಲ್ಲಿ, ಸುಮಾರು 20 ಆಸ್‌ಗೆ ಒಂದು ಗ್ರಾಂ. ನೆಡುವಾಗಿನ ತೂಕ ಬರೆದಿಡುತ್ತಿದ್ದರು, ಆಲ್ಕ್‌ಮಾರ್‌ನ ಆ ವೈಸ್‌ರಾಯ್ 658 ಆಸ್ ಇತ್ತು. ಗುಲಗಂಜಿ ತೂಕ ಎಂದು ಇದನ್ನು ನೋಡಿ ನಗುವವರಿದ್ದಾರೆ, ಆದರೆ ಇದು ಇಡೀ ವ್ಯಾಪಾರದ ಬಲು ಬುದ್ಧಿವಂತ ಭಾಗ. ದಪ್ಪ ಗೆಡ್ಡೆ ಬೇಸಿಗೆಗೆ ಮರಿಯೊಡನೆ ಏಳುತ್ತದೆ, ಸಣ್ಣದು ತಾನೊಂದೇ ಏಳುತ್ತದೆ. ತೂಕವೆಂದರೆ ಮುಂದಿನ ವರ್ಷದ ಮರಿಗಳ ಲೆಕ್ಕ.

ಹಾಳಾದದ್ದು ಬೇರೆ ಕಡೆ. ಅಪರೂಪದ ಗೆಡ್ಡೆಗಳು ಮುಗಿದ ಮೇಲೆ ಜನ ‘ಸ್ವಿಟ್ಸರ್’ನಂಥ ಸಾದಾ ತಳಿಗಳಿಗೆ ಕೈ ಹಾಕಿದರು. ಅವು ಪೌಂಡ್ ಲೆಕ್ಕದಲ್ಲಿ ಮಾರುವಂಥವು, ಬೇಕಾದಷ್ಟು ಮರಿ ಹಾಕುವಂಥವು. 1637ರ ಜನವರಿಯಲ್ಲಿ ಅವುಗಳ ಬೆಲೆಯೂ ಕೆಲವೇ ವಾರಗಳಲ್ಲಿ ಹತ್ತು ಪಟ್ಟಿಗೂ ಮಿಕ್ಕಿ ಜಿಗಿಯಿತು. ನಿಜವಾದ ಹುಚ್ಚು ಎಂದರೆ ಅದು. ಫೆಬ್ರುವರಿ ಮೊದಲ ವಾರ ಹಾರ್ಲೆಮ್‌ನ ಹರಾಜಿನಲ್ಲಿ ಕೂಗುವವರೇ ಇಲ್ಲವಾದರು. ತಮಾಷೆ ಎಂದರೆ ಅಲ್ಲಿಂದ ಮೂವತ್ತು ಕಿಲೋಮೀಟರ್ ದೂರದ ಆಲ್ಕ್‌ಮಾರ್‌ನಲ್ಲಿ ಅದೇ ವಾರ, ತೀರಿಕೊಂಡ ಹೋಟೆಲಿನವನೊಬ್ಬನ ಮಕ್ಕಳಿಗಾಗಿ ನಡೆದ ಹರಾಜು 90,000 ಗಿಲ್ಡರ್‌ನಷ್ಟು ತಂದುಕೊಟ್ಟಿತು. ಅಪರೂಪದ ಗೆಡ್ಡೆಗಳ ರಾಶಿ ಅದು. 1638ರಲ್ಲಿ ಹಾರ್ಲೆಮ್ ನಗರಸಭೆ, ಕೊಂಡವರು ಮಾತಾದ ಬೆಲೆಯ ನೂರಕ್ಕೆ ಮೂರೂವರೆ ಕೊಟ್ಟು ಕೈ ತೊಳೆದುಕೊಳ್ಳಬಹುದು ಎಂದು ತೀರ್ಮಾನಿಸಿತು. ದೇಶವೇ ದಿವಾಳಿಯಾಯಿತು, ಜನ ಕಾಲುವೆಗೆ ಹಾರಿದರು ಎಂಬ ಕಥೆಗಳಿಗೆ ಆಧಾರ ಬಡಕಲು. ಇತಿಹಾಸಕಾರ್ತಿ ಆನ್ ಗೋಲ್ಡ್‌ಗಾರ್ ಅಲ್ಲಿನ ಹಳೆಯ ಕಡತಗಳನ್ನು ಜಾಲಾಡಿದಾಗ ಅಂಥ ದಿವಾಳಿಯ ಸಾಲು ಸಿಗಲಿಲ್ಲ. ಅಪರೂಪದ ಗೆಡ್ಡೆಗಳ ಬೆಲೆ ಮುಂದೆ ಇಳಿದದ್ದು ನಿಧಾನಕ್ಕೆ, ಮರಿ ಹೆಚ್ಚಿದಂತೆ. ಹೊಸ ತಳಿಗೆ ಇದು ಸಹಜವೇ ಎಂದು ಅರ್ಥಶಾಸ್ತ್ರಜ್ಞ ಪೀಟರ್ ಗಾರ್ಬರ್ ವಾದಿಸಿದ್ದಾರೆ. ಅವರ ಮಾತು ನನಗೆ ಒಪ್ಪಿಗೆ.

ಮೈಸೂರಿನಲ್ಲಿ ಟುಲಿಪ್ ಬರುತ್ತದಾ ಎಂದು ಪ್ರತಿ ಚಳಿಗಾಲದಲ್ಲೂ ಯಾರಾದರೂ ಕೇಳುತ್ತಾರೆ. ಒಂದು ಸಲಕ್ಕೆ ಬರುತ್ತದೆ. ಟುಲಿಪ್‌ಗೆ 12ರಿಂದ 14 ವಾರ 9 ಡಿಗ್ರಿಗಿಂತ ಕಡಿಮೆ ಚಳಿ ಬೇಕು, ನಮ್ಮ ಜನವರಿಯ ರಾತ್ರಿಯೇ 16 ಡಿಗ್ರಿ ಆಸುಪಾಸು. ಹಾಗಾಗಿ ಚಳಿಯನ್ನು ಫ್ರಿಜ್ಜಿನಲ್ಲಿ ಕೊಡಬೇಕು. ಅಕ್ಟೋಬರ್‌ನಲ್ಲಿ ಗೆಡ್ಡೆ ತಂದು, ಗಟ್ಟಿಯಾಗಿರುವುದನ್ನು ಆರಿಸಿ, ತೂತಿರುವ ಕಾಗದದ ಚೀಲಕ್ಕೆ ಹಾಕಿ, ತರಕಾರಿ ಡಬ್ಬದಲ್ಲಿ 4ರಿಂದ 5 ಡಿಗ್ರಿಯಲ್ಲಿಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಕೊಳೆಯುತ್ತದೆ. ಅದೇ ಡಬ್ಬದಲ್ಲಿ ಸೇಬು, ಬಾಳೆ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಗೆಡ್ಡೆಯೊಳಗಿನ ಮೊಗ್ಗನ್ನು ಸಾಯಿಸುತ್ತದೆ. ಹೊರಗಿಂದ ಏನೂ ಕಾಣದು, ಎಲೆ ಬರುತ್ತದೆ, ಹೂ ಮಾತ್ರ ಇಲ್ಲ. ಬಹುಪಾಲು ಸೋಲಿಗೆ ಇದೇ ಕಾರಣ. ಜನವರಿಯಲ್ಲಿ ಆರಿಂಚಿನ ಕುಂಡಕ್ಕೆ ಐದು ಗೆಡ್ಡೆ, ಚೂಪು ತುದಿ ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಬೆಳಗಿನ ಬಿಸಿಲು ಸಾಕು. ಹೊರಗೆ ತೆಗೆದ ಗೆಡ್ಡೆಯನ್ನು ನಾಳೆ ನೆಟ್ಟರಾಯಿತು ಎಂದು ವಾರಗಟ್ಟಲೆ ಅಡುಗೆಮನೆ ಕಟ್ಟೆ ಮೇಲೆ ಬಿಟ್ಟರೆ ಕೊಟ್ಟ ಚಳಿ ಇಳಿದುಹೋಗುತ್ತದೆ. ಚಳಿ ಸಾಲದಿದ್ದರೆ ಹೂವಿನ ದಂಟು ಉದ್ದವಾಗದೆ ಎಲೆಯ ನಡುವೆಯೇ ಅರಳಿ ನಿಲ್ಲುತ್ತದೆ. ಹೂವಾದ ಮೇಲೆ ಗೆಡ್ಡೆ ಗೊಬ್ಬರದ ಗುಂಡಿಗೆ. ಮುಂದಿನ ವರ್ಷಕ್ಕೆ ದಪ್ಪವಾಗಲು ಬೇಕಾದ ತಂಪು ವಸಂತ ನಮ್ಮಲ್ಲಿಲ್ಲ.

ಡಚ್ಚರ ಮುಂದಿನ ಹುಚ್ಚು ಹಯಸಿಂತ್ ಎಂಬ ಗೆಡ್ಡೆ ಹೂವು, 1730ರ ದಶಕದಲ್ಲಿ. ಸುತ್ತು ಸುತ್ತಾಗಿ ಎಸಳಿರುವ ಬಗೆಗೆ ಬೇಡಿಕೆ. ಅದಕ್ಕೆ ತುಸು ಮುಂಚೆ ಇಸ್ತಾಂಬುಲ್‌ನಲ್ಲಿ ಸುಲ್ತಾನ ಮೂರನೇ ಅಹ್ಮದ್‌ನ ಆಳ್ವಿಕೆಯ ಕೊನೆಯ ವರ್ಷಗಳು, 1718ರಿಂದ 1730. ಅಲ್ಲಿ ಸೂಜಿಯಂತೆ ಚೂಪಾದ ಎಸಳಿನ ಟುಲಿಪ್‌ಗೆ ಮರ್ಯಾದೆ, ಬೆಲೆ ಏರದಿರಲೆಂದು ಸರ್ಕಾರವೇ ದರಪಟ್ಟಿ ಹೊರಡಿಸುತ್ತಿತ್ತು. ನನಗೆ ಆಸಕ್ತಿ ಇರುವುದು ಹಯಸಿಂತ್‌ನಲ್ಲಿ, ಯಾಕೆಂದರೆ ಅಲ್ಲಿ ಬೆಲೆ ಇಳಿಸಿದ್ದು ಚಾಕು. ಹಯಸಿಂತ್ ತಾನಾಗಿ ಮರಿ ಹಾಕುವುದು ಅಪರೂಪ. ಆದರೆ ಗೆಡ್ಡೆಯ ಅಡಿಯಲ್ಲಿ ಬೇರು ಹೊರಡುವ ಗಟ್ಟಿ ಬಿಲ್ಲೆಯನ್ನು ಗಾಯ ಮಾಡಿದರೆ ಪ್ರತಿ ಪದರದ ಕೊಯ್ದ ಅಂಚಿನಲ್ಲೂ ಮರಿ ಮೂಡುತ್ತದೆ. ಬಿಲ್ಲೆಯನ್ನು ಚಮಚೆಯಂಥ ಚಾಕುವಿನಿಂದ ಪೂರ್ತಿ ತೋಡಿ ತೆಗೆದರೆ ಒಂದು ಗೆಡ್ಡೆಗೆ ಐವತ್ತು ಅರವತ್ತು ಮರಿ, ಹೂವಿಗೆ ನಾಲ್ಕೈದು ವರ್ಷ. ಬಿಲ್ಲೆಯ ಮೇಲೆ ಅಡ್ಡಡ್ಡ ಮೂರು ಸೀಳು ಕೊಟ್ಟರೆ ಮರಿ ಇಪ್ಪತ್ತು ಚಿಲ್ಲರೆ, ದಪ್ಪ ಹೆಚ್ಚು, ಹೂವು ಒಂದು ವರ್ಷ ಮುಂಚೆ. ಕೊಯ್ದ ಗೆಡ್ಡೆಯನ್ನು ಬುಡ ಮೇಲು ಮಾಡಿ ಒಣ ಮರಳಿನ ಮೇಲಿಟ್ಟು, 21 ಡಿಗ್ರಿಯಲ್ಲಿ ಗಾಯ ಕಟ್ಟಿಸಿ, ಆಮೇಲೆ ನಿಧಾನಕ್ಕೆ 30ರವರೆಗೆ ಏರಿಸುತ್ತಾರೆ. ಮೊದಲ ದಿನದಿಂದಲೇ ತೇವ ಕೊಟ್ಟರೆ ಗಾಯ ಕಟ್ಟುವ ಮೊದಲೇ ಕೊಳೆತಿರುತ್ತದೆ.

ಇದೇ ಕೆಲಸವನ್ನು ನಮ್ಮಲ್ಲಿ ಚೆನ್ನಾಗಿ ಬರುವ ಗೆಡ್ಡೆಯ ಮೇಲೆ ಮಾಡಿ ನೋಡಬಹುದು. ನರ್ಸರಿಯವರು ಅಮರಿಲ್ಲಿಸ್ ಎಂದು ಮಾರುವ, ಸಸ್ಯಶಾಸ್ತ್ರ ಹಿಪಿಯಾಸ್ಟ್ರಮ್ ಎನ್ನುವ, ಏಪ್ರಿಲ್-ಮೇ ಮಳೆಗೆ ಕಹಳೆಯಂಥ ಹೂ ಎತ್ತುವ ಗಿಡ. ದಸರಾ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಕುಪ್ಪಣ್ಣ ಪಾರ್ಕಿನ ಸುತ್ತ ಸಾದಾ ಕೆಂಪು ಬಗೆ ಅಗ್ಗಕ್ಕೇ ಸಿಗುತ್ತದೆ. ಸುತ್ತು ಎಸಳಿನ ಆಮದು ಬಗೆಗಳ ಬೆಲೆಯೇ ಬೇರೆ. ಮೊದಲ ಸಲ ಕೊಯ್ಯುವವರು ಸಾದಾ ಕೆಂಪಿನಲ್ಲೇ ಕೈ ಪಳಗಿಸಿಕೊಳ್ಳಲಿ.

ಕಾಲ ಡಿಸೆಂಬರ್. ನವೆಂಬರ್‌ನಿಂದ ನೀರು ಕಡಿಮೆ ಮಾಡುತ್ತ ಬಂದು ಎಲೆ ಹಳದಿಯಾಗಿರಬೇಕು. ಗೆಡ್ಡೆ ಎಂಟು ಸೆಂಟಿಮೀಟರ್ ಅಡ್ಡಗಲಕ್ಕೆ ಕಡಿಮೆ ಬೇಡ. ಕಿತ್ತು ತೊಳೆದು, ಕಂದು ಸಿಪ್ಪೆ ಸುಲಿದು, ಬೇರುಗಳನ್ನು ಬಿಲ್ಲೆಯ ಮಟ್ಟಕ್ಕೆ ಕತ್ತರಿಸಿ. ಬಿಲ್ಲೆಗೆ ಏಟಾಗಬಾರದು. ಮೇಲಿನ ಮೂರನೇ ಒಂದು ಭಾಗ ಕೊಯ್ದು ಬಿಸಾಡಿ. ಕೈಗವಸು ಹಾಕಿಕೊಳ್ಳಿ, ಲೋಳೆ ತಾಗಿದರೆ ಕೆಲವರಿಗೆ ತುರಿಕೆ. ಚಾಕುವನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ, ಗೆಡ್ಡೆಯನ್ನು ತಲೆಕೆಳಗು ಮಾಡಿ, ಹಲಸಿನ ಹಣ್ಣನ್ನು ಹೋಳು ಮಾಡಿದಂತೆ ಬಿಲ್ಲೆಯ ನಡುವಿನಿಂದ ಕೊಯ್ಯಿರಿ. ಎರಡು, ನಾಲ್ಕು, ಎಂಟು, ಹದಿನಾರು. ಪ್ರತಿ ಹೋಳಿನಲ್ಲೂ ಬಿಲ್ಲೆಯ ಚೂರು ಇರಲೇಬೇಕು. ಈಗ ಹೊರಗಿನ ಪದರದಿಂದ ಶುರುಮಾಡಿ ಎರಡೆರಡು ಪದರಕ್ಕೆ ಒಂದು ತುಂಡು. ಬ್ಲೇಡಿನ ತುದಿಯನ್ನು ಎರಡನೇ ಪದರದ ಹಿಂದೆ ಇಳಿಸಿ ಬಿಲ್ಲೆಯ ಸೀಳು ಸಮೇತ ಬಿಡಿಸಬೇಕು. ಹೋಳಿಗೆ ಮೂರು ಜೋಡಿ ಬಂದರೂ ಒಂದು ಗೆಡ್ಡೆಯಿಂದ 48 ತುಂಡು. ಬಿಲ್ಲೆ ಅಂಟಿಲ್ಲದ ಪದರ ಎಷ್ಟೇ ದಪ್ಪವಿರಲಿ, ಮರಿ ಹಾಕುವುದಿಲ್ಲ, ಅದನ್ನು ಉಳಿಸಿಕೊಂಡು ಕಾಯುವುದು ದಂಡ.

ತುಂಡುಗಳನ್ನು ಲೀಟರಿಗೆ 2 ಗ್ರಾಂ ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕ ಕದಡಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಜರಡಿಯಲ್ಲಿ ಬಸಿದು, ನೆರಳಲ್ಲಿ ಆರಲು ಬಿಡಿ. ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಪುಡಿ ಹತ್ತು ಲೋಟಕ್ಕೆ ಒಂದು ಲೋಟ ನೀರು, ಅಷ್ಟೇ. ಕೈಗೆ ತೇವ ಇದೆ ಅನ್ನಿಸಲೂಬಾರದು ಎಂಬಷ್ಟು. ಕೊಕೊಪೀಟ್ ಬಳಸುವುದಾದರೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಒಂದು ಹನಿಯೂ ಉದುರದಿರಲಿ. ತುಂಡುಗಳನ್ನು ಇದರಲ್ಲಿ ಬೆರೆಸಿ, ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ತುಂಬಿಸಿ ಕಟ್ಟಿ ಕತ್ತಲ ಬೀರುವಿನಲ್ಲಿಡಿ. 20ರಿಂದ 25 ಡಿಗ್ರಿ ಬೇಕು, ಮೈಸೂರಿನ ಡಿಸೆಂಬರ್-ಜನವರಿಯಲ್ಲಿ ಮನೆಯೊಳಗೆ ತಾನಾಗಿಯೇ ಇರುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಬೂಸಲು ಹಿಡಿದದ್ದನ್ನು, ಮೆತ್ತಗಾದದ್ದನ್ನು ತೆಗೆಯಿರಿ. ಎಂಟರಿಂದ ಹನ್ನೆರಡು ವಾರದಲ್ಲಿ ಎರಡು ಪದರದ ಸಂದಿಯಲ್ಲಿ, ಬಿಲ್ಲೆಗೆ ತಾಗಿದಂತೆ, ಅಕ್ಕಿಕಾಳಿನಿಂದ ಬಟಾಣಿ ಗಾತ್ರದವರೆಗಿನ ಬಿಳಿ ಮರಿ. ಹಳೆಯ ಪದರ ಕೀಳದೆ ಹಾಗೇ ನೆಡಿ, ಒಣಗುವ ತನಕ ಮರಿಗೆ ಅದೇ ಬುತ್ತಿ. ಮೊದಲ ಎರಡು ವರ್ಷ ನೀರು ನಿಲ್ಲಿಸಿ ಮಲಗಿಸಬೇಡಿ, ಎಲೆ ಇದ್ದಷ್ಟೂ ಗೆಡ್ಡೆ ಊದುತ್ತದೆ. ಹೂವಿಗೆ ಮೂರರಿಂದ ನಾಲ್ಕು ವರ್ಷ.

ಎಡವುವುದು ಎರಡು ಕಡೆ. ತೇವ ಜಾಸ್ತಿಯಾದರೆ ಮೂರನೇ ವಾರಕ್ಕೆ ಚೀಲ ಬಿಚ್ಚಿದಾಗ ಕೊಳೆತ ಈರುಳ್ಳಿ ವಾಸನೆ ಹೊಡೆಯುತ್ತದೆ. ಅದಕ್ಕೆ ಮದ್ದಿಲ್ಲ, ಪೂರ್ತಿ ಬಿಸಾಡುವುದೇ. ಇನ್ನೊಂದು, ತಾಯಿಗೆಡ್ಡೆಯನ್ನು ನೋಡದೆ ಕೊಯ್ಯುವುದು. ಎಲೆಯಲ್ಲಿ ತಿಳಿ ಹಸಿರು-ಹಳದಿ ಗೀರು ಇದ್ದರೆ ಮೊಸಾಯಿಕ್ ವೈರಸ್. 48 ತುಂಡೂ ರೋಗ ಹೊತ್ತೇ ಹುಟ್ಟುತ್ತವೆ, ಆ ಚಾಕು ಮುಂದಿನ ಗೆಡ್ಡೆಗೂ ಅಂಟಿಸುತ್ತದೆ. ಟುಲಿಪ್‌ನಲ್ಲಿ ಮನೆ ಬೆಲೆ ತಂದ ಬಳಗದ ವೈರಸ್ಸೇ ಇದು. ಇಲ್ಲಿ ಗಿಡ ಕಿತ್ತು ಸುಡುವುದೊಂದೇ ದಾರಿ. ಎಲೆ, ಗೆಡ್ಡೆಯ ಮೇಲೆ ಕೆಂಪು ಕಲೆ ಬಿದ್ದಿದ್ದರೆ ಅದು ಶಿಲೀಂಧ್ರ, ಅಂಥದ್ದನ್ನೂ ಕೊಯ್ಯಬೇಡಿ.

ಇಂಗ್ಲೆಂಡಿನಲ್ಲಿ ಸ್ನೋಡ್ರಾಪ್ ಎಂಬ ಗೇಣುದ್ದದ ಬಿಳಿ ಹೂವಿನ ಹುಚ್ಚರಿದ್ದಾರೆ. 2015ರಲ್ಲಿ ‘ಗೋಲ್ಡನ್ ಫ್ಲೀಸ್’ ತಳಿಯ ಒಂದು ಗೆಡ್ಡೆ 1,390 ಪೌಂಡ್‌ಗೆ, 2022ರಲ್ಲಿ ‘ಗೋಲ್ಡನ್ ಟಿಯರ್ಸ್’ 1,850 ಪೌಂಡ್‌ಗೆ ಹೋಯಿತು. ಅಷ್ಟು ಕೊಟ್ಟವರು ದಡ್ಡರೇನಲ್ಲ. ತಂದ ವರ್ಷವೇ ಗೆಡ್ಡೆಯನ್ನು ಮೇಲೆ ಹೇಳಿದ ಹಾಗೆ ಹೋಳು ಮಾಡಿ ಮರಿ ಮಾರುವ ಲೆಕ್ಕ ಹಲವರದು. ಎಲ್ಲರೂ ಹಾಗೇ ಮಾಡುವುದರಿಂದ ನಾಲ್ಕೈದು ವರ್ಷಕ್ಕೆ ಬೆಲೆ ಕುಸಿಯುತ್ತದೆ.

ಜಪಾನಿನ ಹುಚ್ಚಿನ ಮರ್ಮ ಇವೆಲ್ಲಕ್ಕಿಂತ ಸೂಕ್ಷ್ಮ. 19ನೇ ಶತಮಾನದ ಮೊದಲ ದಶಕಗಳಲ್ಲಿ ಒಮ್ಮೆ, ಮತ್ತೆ 1850ರ ಸುಮಾರಿಗೆ, ಎಡೊ ನಗರದವರು (ಈಗಿನ ಟೋಕಿಯೊ) ಅಸಗಾಒ ಎಂಬ ಮಾರ್ನಿಂಗ್ ಗ್ಲೋರಿಗೆ ಮರುಳಾದರು. ನಮ್ಮ ಬೇಲಿ ಮೇಲೆ ಹಬ್ಬಿ ಹತ್ತು ಗಂಟೆಗೆ ಬಾಡುವ ನೀಲಿ ಹೂವಿನ ಹತ್ತಿರದ ನೆಂಟ. ಅದಕ್ಕೆ ಬೀಜ ಬೇಕಾದಷ್ಟು, ಹಾಗಿದ್ದರೂ ಬೆಲೆ ಯಾಕೆ? ಅವರು ಇಷ್ಟಪಟ್ಟದ್ದು ಎಸಳು ಸೀಳಿ ದಾರವಾದ, ಹೂವಿನೊಳಗೆ ಹೂವು ಬಂದ ವಿಕಾರಗಳನ್ನು. ಕೇಸರವೇ ಎಸಳಾಗಿಬಿಟ್ಟ ಹೂವು ಬೀಜ ಕಟ್ಟುವುದಿಲ್ಲ. ವರ್ಷಕ್ಕೆ ಮುಗಿಯುವ ಬಳ್ಳಿಯಾದ್ದರಿಂದ ಗೆಡ್ಡೆಯೂ ಇಲ್ಲ. ಅಂಥದ್ದನ್ನು ಮರುವರ್ಷ ಪಡೆಯುವುದು ಹೇಗೆ? ಅದರ ಒಡಹುಟ್ಟಿದ, ನೋಡಲು ಸಾದಾ ಇರುವ ಗಿಡಗಳ ಬೀಜ ಕಾಯ್ದಿಡುತ್ತಿದ್ದರು. ಗುಣ ಅವುಗಳಲ್ಲಿ ಅಡಗಿರುತ್ತದೆ. ಅಡಗಿದ ಗುಣ ಒಂದಾದರೆ ನಾಲ್ಕು ಸಸಿಗೆ ಒಂದು, ಎರಡು ಗುಣ ಒಟ್ಟಿಗೆ ಬೇಕಾದರೆ ಹದಿನಾರಕ್ಕೆ ಒಂದು, ಮೂರು ಬೇಕಾದರೆ ಅರವತ್ನಾಲ್ಕಕ್ಕೆ ಒಂದು. ಬೀಜದೆಲೆ ಬಿಚ್ಚಿದ ಹೊತ್ತಿಗೇ ಅದರ ಆಕಾರ ನೋಡಿ ಇದು ಬೇಕು, ಇದು ಬೇಡ ಎಂದು ಕೀಳುವುದರಲ್ಲಿ ಕಸುಬುದಾರಿಕೆ. ಮೆಂಡೆಲ್ ಬಟಾಣಿಯ ಲೆಕ್ಕ ಪ್ರಕಟಿಸಿದ್ದು 1866ರಲ್ಲಿ. ಎಡೊದವರಿಗೆ ಸೂತ್ರ ಗೊತ್ತಿರಲಿಲ್ಲ, ಎಣಿಕೆ ಗೊತ್ತಿತ್ತು. ಈ ಚಿತ್ರ ವಿಚಿತ್ರಗಳ ಹಿಂದೆ ವರ್ಣತಂತುವಿನಲ್ಲಿ ಜಾಗ ಬದಲಿಸುವ ಜೀನ್ ತುಣುಕುಗಳಿವೆ ಎಂದು ಈಗ ಗೊತ್ತಾಗಿದೆ. ಕ್ಯುಶು ವಿಶ್ವವಿದ್ಯಾಲಯದಲ್ಲಿ ಆ ತಳಿಗಳನ್ನು ಇನ್ನೂ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಡೆಲ್ಲಿ ಕನಕಾಂಬರವೂ ಬೀಜ ಕಟ್ಟದ ಹೂವೇ, ಎರಡರ ಬದಲು ಮೂರು ಕಂತೆ ವರ್ಣತಂತು ಅದಕ್ಕೆ. ಆದರೆ ಕಡ್ಡಿ ನೆಟ್ಟರೆ ಬರುತ್ತದೆ, ಆದ್ದರಿಂದ ಮಾರಿನ ಬೆಲೆಗೇ ಸಿಗುತ್ತದೆ.

ಆರ್ಕಿಡ್ ಹುಚ್ಚು ಇವೆಲ್ಲಕ್ಕಿಂತ ಕ್ರೂರ, ಯಾಕೆಂದರೆ ಅಲ್ಲಿ ಮರಿ ಮಾಡುವುದು ಯಾರಿಗೂ ಗೊತ್ತಿರಲಿಲ್ಲ, ಕಾಡಿನಿಂದ ಕೀಳುವುದೊಂದೇ ಗೊತ್ತಿತ್ತು. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯಾಟ್ಲಿ ಮನೆಯಲ್ಲಿ ಬ್ರೆಜಿಲ್‌ನಿಂದ ಬಂದ ಗಿಡವೊಂದು ಅಂಗೈಯಗಲ ನೇರಳೆ ಹೂ ಬಿಟ್ಟಿತು, ಕ್ಯಾಟ್ಲಿಯಾ ಎಂಬ ಹೆಸರು ಬಂದದ್ದು ಅಲ್ಲಿಂದ. 1833ರಲ್ಲಿ ನಾಥನಿಯಲ್ ವಾರ್ಡ್ ಎಂಬ ವೈದ್ಯ ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿ ಲಂಡನ್‌ನಿಂದ ಸಿಡ್ನಿಗೆ ಗಿಡ ಕಳಿಸಿ ಗೆದ್ದ ಮೇಲೆ ಹಡಗಿನ ಉಪ್ಪು ಗಾಳಿಯ ಭಯವೂ ಹೋಯಿತು. ಡೆವನ್‌ಶೈರ್‌ನ ಡ್ಯೂಕ್ 1835ರಲ್ಲಿ ತನ್ನ ತೋಟದ ಜಾನ್ ಗಿಬ್ಸನ್‌ನನ್ನು ಈಗಿನ ಮೇಘಾಲಯದ ಖಾಸಿ ಬೆಟ್ಟಗಳಿಗೆ ಅಟ್ಟಿದ. 1850ರಲ್ಲಿ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಅದೇ ಬೆಟ್ಟದಿಂದ ನೀಲಿ ವಾಂಡಾ ಎಂಬ ಆರ್ಕಿಡನ್ನು ಏಳು ಆಳಿನ ಹೊರೆಯಷ್ಟು ಲಂಡನ್ನಿನ ಕ್ಯೂ ಸಸ್ಯತೋಟಕ್ಕೆ ಕಳಿಸಿದರೆ ಬದುಕಿ ತಲುಪಿದ್ದು ಬೆರಳೆಣಿಕೆ. ಅದೇ ಜಾಗ ನೋಡಿಕೊಂಡ ಇನ್ನೊಬ್ಬ ಕಳಿಸಿದ ಒಂದು ಹೊರೆ, ಅರೆಜೀವವಾಗಿ ತಲುಪಿಯೂ, 300 ಪೌಂಡ್ ತಂದಿತು ಎಂದು ಹೂಕರ್ ಬರೆದಿದ್ದಾನೆ. ಕೊಲಂಬಿಯಾದಲ್ಲಿ ಆರ್ಕಿಡ್ ಬೇಟೆಗಾರ ಆಲ್ಬರ್ಟ್ ಮಿಲಿಕನ್ ಎರಡು ತಿಂಗಳಲ್ಲಿ 10,000 ಗಿಡಕ್ಕಾಗಿ 4,000 ಮರ ಉರುಳಿಸಿದ್ದನ್ನು ತಾನೇ ಲೆಕ್ಕ ಬರೆದಿಟ್ಟಿದ್ದಾನೆ. ತಲುಪಿದ ಗಿಡಗಳಿಗೂ ಆಯುಸ್ಸು ಕಡಿಮೆ. ಉಷ್ಣವಲಯದ್ದು ಎಂದ ಮೇಲೆ ಬಿಸಿ ಬೇಕು ಎಂದುಕೊಂಡು ಗಾಜಿನ ಮನೆಯಲ್ಲಿ ಕಿಟಕಿ ಮುಚ್ಚಿ ಹಬೆ ಹಿಡಿಸುತ್ತಿದ್ದರು. ತಂಪು ಗಾಳಿಯಲ್ಲಿ ಮರದ ಮೇಲೆ ಬೆಳೆದ ಬೆಟ್ಟದ ಗಿಡಗಳು ಬೆಂದುಹೋದವು.

ಆರ್ಕಿಡ್ ಕಾಯಿಯೊಳಗೆ ಬೀಜ ಲಕ್ಷಗಟ್ಟಲೆ, ಆದರೆ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇಲ್ಲ. ಮೊಳೆಯಲು ಒಂದು ಜಾತಿಯ ಶಿಲೀಂಧ್ರ ಬೇಕು ಎಂಬುದನ್ನು ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಬಾಟಲಿಯೊಳಗೆ ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಬೀಜ ಮೊಳೆಸಿದ. 1960ರಲ್ಲಿ ಜಾರ್ಜ್ ಮೊರೆಲ್ ಸಿಂಬಿಡಿಯಂ ಎಂಬ ಆರ್ಕಿಡ್ಡಿನ ಕುಡಿ ತುದಿಯಿಂದ ಮರಿಗಳ ರಾಶಿ ಮಾಡಿ ತೋರಿಸಿದ. ಶ್ರೀಮಂತರ ಗಾಜಿನ ಮನೆಯ ಹೂವು ಈಗ ರಿಸೆಪ್ಷನ್ ವೇದಿಕೆಗೆ ಬಂದಿರುವುದು ಈ ಬಾಟಲಿಗಳ ದಯೆ. ಮಲೆನಾಡಿನವರು ಸೀತಾಳೆ ದಂಡೆ ಎನ್ನುವ ಕಾಡಿನ ಆರ್ಕಿಡ್‌ಗಳನ್ನು ಕೊಂಬೆ ಸಮೇತ ಕಿತ್ತು ತರುವವರು ಈಗಲೂ ಇದ್ದಾರೆ. ಮೈಸೂರಿನ ಮಾರ್ಚ್ ಒಣಹವೆಯಲ್ಲಿ ಅವು ಉಳಿಯುವುದು ಕಷ್ಟ, ಜೊತೆಗೆ ನೀಲಿ ವಾಂಡಾದಂಥವು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ನರ್ಸರಿಯ ಡೆಂಡ್ರೋಬಿಯಂ ತಂದು ಇದ್ದಿಲು, ಹೆಂಚಿನ ಚೂರಿನಲ್ಲಿ ಕೂರಿಸುವುದು ಸುಲಭ. ಮಣ್ಣು ಹಾಕಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ.

ಈಗಿನ ಹುಚ್ಚು ಹೂವಿನಿಂದ ಎಲೆಗೆ ಹೊರಳಿದೆ. 2021ರಲ್ಲಿ ನ್ಯೂಜಿಲೆಂಡಿನಲ್ಲಿ ಬಿಳಿ ಮಚ್ಚೆಯ ಎಲೆಬಳ್ಳಿಯೊಂದು ಅಲ್ಲಿನ 27,100 ಡಾಲರ್‌ಗೆ ಹೋಯಿತು. ಮಾನ್‌ಸ್ಟೆರಾ ಎಂಬ ಅಗಲ ಎಲೆಯ ಬಳ್ಳಿಯ ಮಚ್ಚೆ ಬಗೆಗಳಲ್ಲಿ ಎರಡು ಹೆಸರುವಾಸಿ. ‘ಥಾಯ್ ಕಾನ್‌ಸ್ಟಲೇಷನ್’ ಟಿಶ್ಯೂ ಕಲ್ಚರ್‌ನಲ್ಲಿ ಅಚ್ಚು ಹಾಕಿದಂತೆ ಬರುತ್ತದೆ, ಅದರ ಬೆಲೆ ಇಳಿದದ್ದೂ ಅದಕ್ಕೇ. ‘ಆಲ್ಬೊ’ದಲ್ಲಿ ಬಿಳಿ ಕೋಶ, ಹಸಿರು ಕೋಶ ಬೇರೆ ಬೇರೆಯಾಗಿ ಪಕ್ಕ ಪಕ್ಕ ಕೂತಿರುತ್ತವೆ. ಬಾಟಲಿಗೆ ಹಾಕಿದರೆ ಬೇರ್ಪಡುತ್ತವೆ, ಗಿಣ್ಣಿನ ಕಡ್ಡಿಯಿಂದಲೇ ಬೆಳೆಸಬೇಕು. ಕೊಳ್ಳುವಾಗ ಎಲೆಯ ಬಿಳುಪು ನೋಡಿ ಮರುಳಾಗಬೇಡಿ, ಕಾಂಡ ನೋಡಿ. ಗಿಣ್ಣಿನ ಕಣ್ಣಿನ ಮೇಲೆ ಬಿಳಿ ಗೆರೆ ಹಾದಿದ್ದರೆ ಮುಂದಿನ ಎಲೆಗೂ ಮಚ್ಚೆ. ಪೂರ್ತಿ ಬಿಳಿ ಕಾಂಡಕ್ಕೆ ಹಸಿರಿಲ್ಲ, ಊಟವಿಲ್ಲ, ಸಾಯುತ್ತದೆ.

ನಮ್ಮ ಕಡೆ ಜಾಸ್ತಿ ದುಡ್ಡು ಹೋಗುತ್ತಿರುವುದು ಬುಡ ಉಬ್ಬಿದ ಕುಂಡದ ಗಿಡ ಅಡೇನಿಯಂಗೆ. ಮೂರು ಸುತ್ತಿನ ಎಸಳಿನವೆಲ್ಲ ಕಸಿ ಗಿಡ. ಅವುಗಳ ಬೀಜ ಎಂದು ಆನ್‌ಲೈನಿನಲ್ಲಿ ಮಾರುವುದು ಮೊಳೆಯುತ್ತದೆ, ಆದರೆ ಚಿತ್ರದಲ್ಲಿದ್ದ ಹೂವೇ ಬರುತ್ತದೆಂಬ ಭರವಸೆ ಇಲ್ಲ, ಹೆಚ್ಚಿನವು ಸಾದಾ ಒಂಟಿ ಸುತ್ತಿನವು. ನೀಲಿ ಅಡೇನಿಯಂ ಬೀಜ ಎಂದರೆ ಶುದ್ಧ ಸುಳ್ಳು. ಅಚ್ಚ ನೀಲಿ ಫೆಲನಾಪ್ಸಿಸ್ ಆರ್ಕಿಡ್ ಕುಂಡ ಕಂಡರೆ ಹೂದಂಟಿನ ಬುಡದಲ್ಲಿ ಸೂಜಿಯ ತೂತು ಹುಡುಕಿ. ಬಣ್ಣ ಚುಚ್ಚಿರುತ್ತಾರೆ, ಮುಂದಿನ ಹೂ ಬಿಳಿ. ಕಸಿ ಅಡೇನಿಯಂ ತರುವಾಗ ಗಂಟಿನ ಕೆಳಗೆ ಚಿಗುರು ಇದೆಯೇ ನೋಡಿ. ಇದ್ದರೆ ಕೂಡಲೇ ಚಿವುಟಬೇಕು, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಬುಡದ ಗಿಡವೇ ಮೇಲೆದ್ದು ದುಬಾರಿ ಕೊಂಬೆ ಒಣಗಿರುತ್ತದೆ. ಗಂಟಿನ ಸುತ್ತ ಬೆರಳಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಬಿಟ್ಟು ಬನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ಗಂಟು ಮಳೆ ನೀರು ಕುಡಿದು ಕೊಳೆಯುತ್ತದೆ. ಬೇಕೇ ಬೇಕೆಂದರೆ ಫೆಬ್ರುವರಿಯಲ್ಲಿ ಹೋಗಿ. ಬಿಸಿಲು ಏರುತ್ತಿರುತ್ತದೆ, ಗಾಯ ಒಣಗಿರುತ್ತದೆ, ಹೂವೂ ಶುರುವಾಗಿರುತ್ತದೆ, ಚಿತ್ರ ನಂಬಬೇಕಾಗಿಲ್ಲ.